ಅಡುಗೆಮನೆ ಯಂತ್ರಗಳ ಮರದ ಚೌಕಟ್ಟು

ಫ್ರಿಜ್, ಮೈಕ್ರೋವೇವ್ ಒಲೆ, ಚಿಮಣಿ, ಪಾತ್ರೆ ತೊಳೆಯುವ ಯಂತ್ರ, ನೀರಿನ ಫಿಲ್ಟರ್ ಮುಂತಾದ ಅಡುಗೆಮನೆ ಯಂತ್ರಗಳ ಸುತ್ತ ಕೂರಿಸುವ ಮರದ ಪಟ್ಟಿಗಳ ಕಟ್ಟು. ಯಂತ್ರಕ್ಕೂ ಗೋಡೆಗೂ ನಡುವೆ ಉಳಿಯುವ ಸಂದನ್ನು ಮರೆಮಾಡುವುದು, ಲೋಹದ ಮೈಯನ್ನು ಮನೆಯ ಉಳಿದ ಮರಗೆಲಸಕ್ಕೆ ಹೊಂದಿಸುವುದು ಇದರ ಉದ್ದೇಶ. ಬಡಗಿಗಳು ಸಣ್ಣ ಪಟ್ಟಿಯನ್ನು ಬೀಡಿಂಗ್ ಎಂದೂ ಅಗಲವಾದುದನ್ನು ಪಟ್ಟಿ ಎಂದೂ ನಾಲ್ಕು ಕಡೆ ಸೇರಿಸಿದ್ದನ್ನು ಚೌಕಟ್ಟು ಎಂದೂ ಕರೆಯುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳು ಸಾಗವಾನಿಯ ಸೀಮೆ. ಮುಂಡಗೋಡ ತಾಲ್ಲೂಕಿನ ಸನವಳ್ಳಿಯಂಥ ಊರುಗಳಲ್ಲಿ ಬಾಗಿಲ ಚೌಕಟ್ಟು, ಕಿಟಕಿ, ತೊಲೆಗಳಲ್ಲಿ ಕಾಣುವ ಮರವೇ ಈಗ ಗ್ರಾನೈಟ್ ಕಟ್ಟೆಯ ಅಡುಗೆಮನೆಗೂ ಬರುತ್ತಿದೆ. ಹಾಗಾಗಿ ಈ ಪುಟ್ಟ ಮರಗೆಲಸವನ್ನು ಇಲ್ಲಿಯ ಕಾಡು, ಮಳೆ ಮತ್ತು ಕಸುಬಿನ ಜೊತೆಗಿಟ್ಟೇ ನೋಡಬೇಕು.

ಹಿನ್ನೆಲೆ

ಕನ್ನಡ ನಾಡಿನ ಅಡುಗೆಮನೆಯಲ್ಲಿ ಮರವೂ ಲೋಹವೂ ಕಲ್ಲೂ ಒಟ್ಟಿಗೆ ದುಡಿದದ್ದು ಹೊಸದೇನಲ್ಲ. ಈಳಿಗೆಮಣೆಯಲ್ಲಿ ಕಬ್ಬಿಣದ ಅಲಗಿಗೆ ಮರದ ಮಣೆ ಆಧಾರ. ಶಾವಿಗೆ ಒರಳಿನಲ್ಲಿ ಅಚ್ಚನ್ನು ಹಿಡಿದಿಡುವುದು ಮರದ ಕಟ್ಟು. ಬೀಸುಕಲ್ಲಿಗೆ ಮರದ ಗೂಟ, ಒನಕೆಯ ತುದಿಗೆ ಕಬ್ಬಿಣದ ಬಳೆ. ಪಾತ್ರೆಗಳು ಕೂರುತ್ತಿದ್ದದ್ದು ಗೋಡೆಯ ನಾಗಂದಿಗೆಯ ಮೇಲೆ. ಇವೆಲ್ಲದರಲ್ಲಿ ಮರಕ್ಕೆ ಮೊದಲು ಒಂದು ಕೆಲಸವಿತ್ತು, ಚಂದ ಅದರ ಹಿಂದೆ ಬಂತು. ಯಂತ್ರದ ಚೌಕಟ್ಟಿನಲ್ಲೂ ಇದೇ ಕ್ರಮ ಉಳಿದರೆ ಕೆಲಸ ಬಾಳುತ್ತದೆ.

ಆಹಾರವನ್ನು ತಂಪಾಗಿಡುವ ಪೆಟ್ಟಿಗೆ ಮೊದಲು ಮರದ್ದೇ ಆಗಿತ್ತು. ಅಮೆರಿಕದ ಮೇರಿಲ್ಯಾಂಡ್‌ನ ಥಾಮಸ್ ಮೂರ್ 1803ರಲ್ಲಿ ಹಕ್ಕುಪತ್ರ ಪಡೆದ ಶೀತಕ ದೇವದಾರು ಜಾತಿಯ ಮರದ ತೊಟ್ಟಿ. ಒಳಗೆ ತಗಡಿನ ಡಬ್ಬಿ, ನಡುವೆ ಮಂಜುಗಡ್ಡೆ. ಬಳಿಕ ಬಂದ ಐಸ್ ಪೆಟ್ಟಿಗೆಗಳು ಓಕ್ ಮರದ ಬೀರುಗಳಂತಿದ್ದವು. ಒಳಮೈಗೆ ಸತು ಅಥವಾ ತವರದ ತಗಡು, ಗೋಡೆಯೊಳಗೆ ಮರದ ಹೊಟ್ಟು ಅಥವಾ ಬೆಂಡು ತುಂಬುತ್ತಿದ್ದರು. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಅಮೆರಿಕದಿಂದ ಕಲ್ಕತ್ತೆಗೆ ಹಡಗಿನಲ್ಲಿ ಮಂಜುಗಡ್ಡೆ ಕಳಿಸಿದಾಗಲೂ ಅದನ್ನು ಕರಗದಂತೆ ಕಾದದ್ದು ಮರದ ಹೊಟ್ಟು. 1927ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಉಕ್ಕಿನ ಫ್ರಿಜ್ ಮಾರುಕಟ್ಟೆಗೆ ಬಂದು ಮನೆಮಾತಾದ ಮೇಲೆ ಮರ ಹಿಂದೆ ಸರಿಯಿತು. ಬಿಳಿ ಬಣ್ಣದ ಲೋಹದ ಪೆಟ್ಟಿಗೆ ಶುಚಿತ್ವದ ಗುರುತಾಯಿತು.

ಇದೇ ಕಾಲದಲ್ಲಿ ಅಡುಗೆಮನೆಯನ್ನು ಒಂದೇ ಕಟ್ಟಾಗಿ ಯೋಚಿಸುವ ಕ್ರಮ ಹುಟ್ಟಿತು. 1926ರಲ್ಲಿ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯುಟೆ-ಲಿಹೋಟ್ಸ್ಕಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆ ಸುಮಾರು 10,000 ಮನೆಗಳಲ್ಲಿ ಅಳವಡಿಕೆಯಾಯಿತು. ಮುಂದೆ ಯುರೋಪಿನಲ್ಲಿ 60 ಸೆಂ.ಮೀ. ಅಗಲದ ಗೂಡು ರೂಢಿಯಾಗಿ, ಯಂತ್ರಗಳು ಬೀರುಗಳ ಸಾಲಿನೊಳಗೇ ಸೇರಿದವು. ಅಮೆರಿಕದಲ್ಲಿ ಫ್ರಿಜ್ಜಿನ ಬಾಗಿಲಿಗೆ ಲೋಹದ ಅಂಚುಪಟ್ಟಿ ಕೂರಿಸಿ, ಅದರೊಳಗೆ ತೆಳು ಮರದ ಹಲಗೆ ಜಾರಿಸುವ ಕ್ರಮ ಬಂತು.

ಭಾರತದಲ್ಲಿ ಗೋದ್ರೆಜ್ 1958ರಲ್ಲಿ ಫ್ರಿಜ್ ತಯಾರಿಸತೊಡಗಿತು. ಇಂಡೇನ್ ಅಡುಗೆ ಅನಿಲ 1965ರಲ್ಲಿ ಕಲ್ಕತ್ತೆಯಲ್ಲಿ ಮೊದಲಾಯಿತು. ಹೊಗೆಯಿರುವ ಸೌದೆ ಒಲೆ ಒಳಗಿರುವವರೆಗೆ ಮೆರುಗಿನ ಮರಕ್ಕೆ ಅಡುಗೆಮನೆಯಲ್ಲಿ ಜಾಗವಿರಲಿಲ್ಲ. ಅನಿಲದ ಒಲೆ ಆ ಜಾಗ ಮಾಡಿಕೊಟ್ಟಿತು. ಯಂತ್ರಕ್ಕೆ ಮರದ ಉಡುಪು ತೊಡಿಸುವುದನ್ನು ನಮ್ಮ ಮನೆಗಳು ಮೊದಲು ಕಂಡದ್ದು ನಡುಮನೆಯಲ್ಲಿ: ಮರದ ಪೆಟ್ಟಿಗೆಯ ರೇಡಿಯೊ, ಆಮೇಲೆ ಮರದ ಶಟರ್ ಎಳೆಯುವ ಟಿ.ವಿ. ಫ್ರಿಜ್ ಮಾತ್ರ ಬಹುಕಾಲ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ತಲೆಗೊಂದು ಕಸೂತಿಯ ಬಟ್ಟೆ ಹೊದ್ದು ನಿಂತಿತು. ಮಾಡ್ಯುಲರ್ ಅಡುಗೆಮನೆ ಬಂದ ಮೇಲೆ ಅದಕ್ಕೂ ಗೂಡು ಬೇಕಾಯಿತು.

ಈ ಸೀಮೆಗೆ ಯಂತ್ರಗಳ ಜೊತೆ ಇನ್ನೊಂದು ಸಂಬಂಧವಿದೆ. ಜೋಯಿಡಾದ ಸೂಪಾದಲ್ಲಿ ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟೆ 1987ರಲ್ಲಿ ಮುಗಿಯಿತು. ಅಂಬಿಕಾನಗರದ ನಾಗಝರಿ ವಿದ್ಯುದಾಗಾರಕ್ಕೆ ನೀರು ಒದಗಿಸುವ ಯೋಜನೆಯಿದು. ಹಳೆಯ ಸೂಪಾ ಊರು ನೀರಿನಡಿ ಹೋಯಿತು. ರಾಜ್ಯದ ಮನೆಮನೆಯ ಫ್ರಿಜ್ಜಿಗೆ ಹರಿಯುವ ಕರೆಂಟಿನಲ್ಲಿ ಈ ಕಾಡಿನ ಪಾಲೂ ಇದೆ.

ಸೀಮೆಯ ಮರಗಳು

ಸಾಗವಾನಿ ಅಥವಾ ತೇಗ ಈ ಕೆಲಸಕ್ಕೆ ಅತ್ಯುತ್ತಮ. ಚೇಗು, ಅಂದರೆ ಮರದ ಒಳತಿರುಳು, ಹೊಂಬಣ್ಣದಿಂದ ಕಂದಿನವರೆಗೆ ಇರುತ್ತದೆ. ಮರದೊಳಗಿನ ಎಣ್ಣೆ ಗೆದ್ದಲನ್ನೂ ಶಿಲೀಂಧ್ರವನ್ನೂ ತಡೆಯುತ್ತದೆ. ಒಣಗಿದ ಸಾಗವಾನಿ ಒಂದು ಘನ ಮೀಟರಿಗೆ ಸುಮಾರು 650 ಕಿ.ಗ್ರಾಂ. ತೂಗುತ್ತದೆ, ಗಟ್ಟಿತನಕ್ಕೆ ಹೋಲಿಸಿದರೆ ಹಿಗ್ಗು-ಕುಗ್ಗು ಕಡಿಮೆ. ಅದರಲ್ಲಿರುವ ಮರಳಿನಂಶ ಉಳಿ ಮತ್ತು ತೋಪಡದ ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ. ಚೇಗಿನ ಸುತ್ತಲಿನ ಬಿಳಿ ಭಾಗಕ್ಕೆ ಈ ಬಾಳಿಕೆಯಿಲ್ಲ. ಅದನ್ನು ಹುಳು ಕೊರೆಯುತ್ತದೆ. ಅಗ್ಗದ ಬೀಡಿಂಗ್‌ಗಳಲ್ಲಿ ಬಿಳಿ ಭಾಗಕ್ಕೆ ಬಣ್ಣ ಬಳಿದು ಮಾರುವುದುಂಟು. ಕೊಳ್ಳುವವರು ಪಟ್ಟಿಯ ಹಿಂಬದಿಯನ್ನೂ ತಿರುಗಿಸಿ ನೋಡಬೇಕು.

ಬೀಟೆ ಕಡುಗಂದು ಬಣ್ಣದ, ಭಾರವಾದ ಮರ. ದುಬಾರಿಯಾದ್ದರಿಂದ ತೆಳು ಗೆರೆಯಾಗಿ ಕೂರಿಸಲು ಮಾತ್ರ ಉಚಿತ. ಹೊನ್ನೆ ಗಟ್ಟಿ ಮರ; ಒದ್ದೆಯಾದರೆ ಹಳದಿ ಬಣ್ಣ ಬಿಡುತ್ತದೆ, ಆದ್ದರಿಂದ ಸಿಂಕಿನ ಹತ್ತಿರ ಬೇಡ. ಮತ್ತಿ ಬಲಶಾಲಿಯಾದರೂ ಒಣಗುವಾಗ ಸೀಳುವ, ಸೊಟ್ಟಗಾಗುವ ಗುಣವುಳ್ಳದ್ದು. ತೆಳು ಪಟ್ಟಿಗೆ ಸಲ್ಲದು. ನಂದಿ ಸಾಗವಾನಿಗೆ ಒಳ್ಳೆಯ ಬದಲಿ. ಜಂಬೆ ಬಹಳ ಗಡಸು; ಮೊಳೆ ಹೊಡೆಯುವ ಮುನ್ನ ತೂತು ಕೊರೆಯಲೇಬೇಕು. ಹಲಸಿನ ಮರ ಹೊಸದರಲ್ಲಿ ಹಳದಿ, ವರ್ಷಗಳು ಕಳೆದಂತೆ ಕೆಂಗಂದು. ಹಿತ್ತಲಿನ ಹಲಸು ಬಿದ್ದಾಗ ಮನೆಯವರೇ ಕೊಯ್ಸಿಟ್ಟ ಹಲಗೆಗಳಿಂದ ಚೆಲುವಾದ ಚೌಕಟ್ಟಾಗುತ್ತದೆ.

ಬಿದಿರೂ ಯೋಗ್ಯ ಸಾಮಗ್ರಿ. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಮೊದಮೊದಲು ನೆಚ್ಚಿದ್ದು ಈ ಕಾಡಿನ ಬಿದಿರನ್ನೇ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಂದ ತಿದ್ದುಪಡಿ ಬಿದಿರನ್ನು ಮರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಸೀಳಿ, ಒತ್ತಿ, ಅಂಟಿಸಿದ ಬಿದಿರಿನ ಪಟ್ಟಿ ಗಟ್ಟಿಯೂ ನೇರವೂ ಆಗಿರುತ್ತದೆ.

ಪ್ಲೈವುಡ್ ಈ ಕೆಲಸದ ಬೆನ್ನೆಲುಬು. ದಾಂಡೇಲಿಯಲ್ಲಿ ಇಂಡಿಯನ್ ಪ್ಲೈವುಡ್ ಕಾರ್ಖಾನೆ ಬಹುಕಾಲ ನಡೆದು ಮುಚ್ಚಿತು. ಪೇಟೆಯ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ಸಾಮಾನ್ಯ ಬಳಕೆಯ ಪ್ಲೈವುಡ್ಡಿಗೆ ಭಾರತೀಯ ಮಾನಕ ಸಂಖ್ಯೆ 303, ಅದರಲ್ಲಿ ಎಂ.ಆರ್. ದರ್ಜೆ ಬರಿಯ ಗಾಳಿಯ ತೇವ ತಾಳುತ್ತದೆ, ಬಿ.ಡಬ್ಲ್ಯು.ಆರ್. ದರ್ಜೆ ಬಿಸಿನೀರಿಗೂ ತಡೆಯುತ್ತದೆ. ನೀರು ನಿಲ್ಲುವ ಕಡೆಗೆ ಮಾನಕ 710ರ ಮರೀನ್ ಪ್ಲೈವುಡ್ ಬೇಕು. ಒಳಗೆ ಪ್ಲೈವುಡ್ಡಿನ ಗೂಡು, ಮುಂದೆ ಸಾಗವಾನಿಯ ಪಟ್ಟಿ ಎಂಬುದು ಖರ್ಚಿಗೂ ಬಾಳಿಕೆಗೂ ಒಪ್ಪುವ ಜೋಡಿ.

ಬಗೆಗಳು

ಮರದ ಅಲಂಕಾರದಲ್ಲಿ ನಾಲ್ಕು ಬಗೆಗಳಿವೆ. ಮೊದಲನೆಯದು ಅಂಚುಪಟ್ಟಿ: ಯಂತ್ರ ನಿಂತ ಗೂಡಿನ ಬಾಯಿಗೆ ಎರಡು ನಿಲುವುಪಟ್ಟಿ, ಮೇಲೊಂದು ಅಡ್ಡಪಟ್ಟಿ. ಬಾಗಿಲ ಚೌಕಟ್ಟಿನದೇ ರೂಪ. ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಡಿಮೆ ಮರ. ಎರಡನೆಯದು ತುಂಬುಪಟ್ಟಿ: ಯಂತ್ರಕ್ಕೂ ಪಕ್ಕದ ಬೀರುವಿಗೂ ನಡುವಿನ ಒಂದೆರಡು ಇಂಚಿನ ಸಂದಿಗೆ ಕೂರಿಸುವ ಒಂಟಿ ಪಟ್ಟಿ. ಮೂರನೆಯದು ಪೂರ್ಣ ಗೂಡು: ಪಕ್ಕಗಳಲ್ಲಿ ನೆಲದಿಂದೇರುವ ಹಲಗೆಗಳು, ತಲೆಯ ಮೇಲೆ ಬೀರು. ನಾಲ್ಕನೆಯದು ಮುಖಹಲಗೆ: ಬಾಗಿಲಿಗೇ ಮರ ಹೊದಿಸುವುದು. ಮುಖಹಲಗೆಗೆಂದೇ ತಯಾರಾದ ಯಂತ್ರಗಳಿಗೆ ಮಾತ್ರ ಈ ಬಗೆ ಸಲ್ಲುತ್ತದೆ. ಸಾಧಾರಣ ಫ್ರಿಜ್ಜಿನ ಬಾಗಿಲಿಗೆ ಹಲಗೆ ಅಂಟಿಸಿದರೆ ತಿರುಗಣಿಯ ಮೇಲೆ ಭಾರ ಬಿದ್ದು ಬಾಗಿಲು ಜೋಲುತ್ತದೆ, ರಬ್ಬರಿನ ಅಂಚು ಸರಿಯಾಗಿ ಕೂರದೆ ತಂಪು ಸೋರುತ್ತದೆ. ಬಾಗಿಲಿನ ತಗಡಿಗೆ ಸ್ಕ್ರೂ ಕೊರೆಯುವುದಂತೂ ಕೂಡದು.

ಯಂತ್ರದ ಬಿಸಿ ಮತ್ತು ಗಾಳಿ

ಈ ಮರಗೆಲಸ ಕೆಡುವುದು ಬಹುತೇಕ ಗಾಳಿಯ ದಾರಿ ಮುಚ್ಚುವುದರಿಂದ. ಫ್ರಿಜ್ ಒಳಗಿನ ಶಾಖವನ್ನು ಹೊರಗೆ ತಂದು ಬಿಡುತ್ತದೆ. ಅದನ್ನು ತರಲು ಕಂಪ್ರೆಸರ್ ಬಳಸಿದ ವಿದ್ಯುತ್ತೂ ಶಾಖವಾಗಿ ಅದೇ ಕೋಣೆಗೆ ಸೇರುತ್ತದೆ. ಹಳೆಯ ಮಾದರಿಗಳಲ್ಲಿ ಬೆನ್ನಿನ ಕಪ್ಪು ಜಾಲರಿಯಿಂದ ಈ ಬಿಸಿ ಹೊರಬೀಳುತ್ತಿತ್ತು. ಈಗಿನ ಹಲವು ಮಾದರಿಗಳಲ್ಲಿ ಆ ಕೊಳವೆಗಳು ಪಕ್ಕದ ತಗಡಿನ ಒಳಗೇ ಇರುತ್ತವೆ. ಕೈಯಿಟ್ಟರೆ ಪಕ್ಕ ಬೆಚ್ಚಗಿರುತ್ತದೆ. ಬಾಗಿಲ ಸುತ್ತಲಿನ ಅಂಚಿನಲ್ಲೂ ಬೆವರು ಕಟ್ಟದಂತೆ ಬಿಸಿಕೊಳವೆ ಹಾಯುವುದುಂಟು. ಮರ ಒಳ್ಳೆಯ ಶಾಖವಾಹಕವಲ್ಲ. ಪಟ್ಟಿ ಅಥವಾ ಹಲಗೆ ಈ ಪಕ್ಕಗಳಿಗೆ ಒತ್ತಿ ನಿಂತರೆ ಶಾಖ ಒಳಗೇ ಸಿಕ್ಕಿಕೊಂಡು ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ; ಬಿಲ್ ಏರುತ್ತದೆ, ಯಂತ್ರದ ಆಯುಸ್ಸು ಇಳಿಯುತ್ತದೆ. ವಿದ್ಯುತ್ ಉಳಿತಾಯ ಸೂಚಿಸಲು 2006ರಲ್ಲಿ ಶುರುವಾದ ನಕ್ಷತ್ರದ ಚೀಟಿ ನೋಡಿ ಹಣ ತೆತ್ತು ತಂದ ಉಳಿತಾಯ ಮರದ ಗೂಡಿನೊಳಗೆ ಕರಗಿಹೋಗುತ್ತದೆ.

ಬಿಡಬೇಕಾದ ಜಾಗವನ್ನು ಆಯಾ ಯಂತ್ರದ ಕೈಪಿಡಿ ಹೇಳುತ್ತದೆ, ಅದೇ ಅಂತಿಮ. ಕೈಪಿಡಿ ಕಳೆದುಹೋಗಿದ್ದರೆ ಫ್ರಿಜ್ಜಿನ ಎರಡೂ ಪಕ್ಕಕ್ಕೆ ಮತ್ತು ಬೆನ್ನಿಗೆ ಕನಿಷ್ಠ 5 ಸೆಂ.ಮೀ., ತಲೆಯ ಮೇಲೆ ಇನ್ನಷ್ಟು ಜಾಗ ಬಿಡುವುದು ಕ್ಷೇಮ. ಪೂರ್ಣ ಗೂಡಾದರೆ ಕೆಳಗಿನಿಂದ ತಂಪು ಗಾಳಿ ಒಳಬರುವ, ಮೇಲಿನಿಂದ ಬಿಸಿಗಾಳಿ ಹೊರಹೋಗುವ ದಾರಿ ಎರಡೂ ಇರಬೇಕು. ಮೇಲಿನ ಅಡ್ಡಪಟ್ಟಿಯ ಹಿಂದೆ ಸಂದು ಬಿಟ್ಟು, ಅದರಲ್ಲಿ ಜಾಲಿ ಕೆತ್ತಿದರೆ ಅಲಂಕಾರವೇ ಗಾಳಿಗಂಡಿಯಾಗುತ್ತದೆ. ಮನೆಬಳಕೆಯ ಅನೇಕ ಫ್ರಿಜ್ಜುಗಳಲ್ಲಿ ಈಗಿರುವ ಶೀತಕ ಅನಿಲ ಐಸೊಬ್ಯುಟೇನ್, ಅಂದರೆ ಹತ್ತಿಕೊಳ್ಳುವ ಅನಿಲ. ಪ್ರಮಾಣ ಹತ್ತಾರು ಗ್ರಾಂ ಮಾತ್ರ ಆದರೂ ಗಾಳಿಯಾಡದ ಗೂಡಿನಲ್ಲಿ ಅದು ಸೋರಿ ನಿಲ್ಲಬಾರದು.

ಮೈಕ್ರೋವೇವ್ ಒಲೆ ಪಕ್ಕ, ಬೆನ್ನು ಅಥವಾ ತಲೆಯ ತೂತುಗಳಿಂದ ಉಸಿರಾಡುತ್ತದೆ. ಕಟ್ಟೆಯ ಮೇಲಿಡುವ ಮಾದರಿಗೆ ತಲೆಯ ಮೇಲೆ 20 ಸೆಂ.ಮೀ. ಅಥವಾ ಹೆಚ್ಚು ಜಾಗ ಕೇಳುವ ತಯಾರಕರು ಅನೇಕ. ಅಂಥದನ್ನು ಬಿಗಿಯಾದ ಪೆಟ್ಟಿಗೆಯೊಳಗೆ ತೂರಿಸಬಾರದು. ಪಾತ್ರೆ ತೊಳೆಯುವ ಯಂತ್ರದ ಬಾಗಿಲು ತೆರೆದ ಕೂಡಲೇ ಉಗಿ ಮೇಲಕ್ಕೆ ನುಗ್ಗುತ್ತದೆ. ಅದರ ತಲೆಯ ಮೇಲಿನ ಮರದ ಅಂಚಿಗೆ ಉಗಿ ತಡೆಯುವ ತಗಡು ಅಥವಾ ಹಾಳೆ ಅಂಟಿಸಬೇಕು. ಚಿಮಣಿ ಸಾಮಾನ್ಯವಾಗಿ ಒಲೆಯಿಂದ 65ರಿಂದ 75 ಸೆಂ.ಮೀ. ಮೇಲಿರುತ್ತದೆ. ಚಿಮಣಿಯ ಹೊಗೆಕೊಳವೆಗೆ ಮರದ ಮುಸುಕು ಹಾಕಬಹುದು. ಆದರೆ ಕೆಳಗಿನ ಬಾಯಿಗೆ, ಜ್ವಾಲೆಯ ನೇರಕ್ಕೆ, ಒಗ್ಗರಣೆ ಸಿಡಿಯುವ ದೂರದೊಳಗೆ ಮರವಿರಬಾರದು. ಅಲ್ಲಿ ಗ್ರಾನೈಟ್ ಅಥವಾ ಟೈಲ್ಸ್ ಸರಿಯಾದ ಸಾಮಗ್ರಿ.

ಮರದ ಹಿಗ್ಗು-ಕುಗ್ಗು

ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಉದ್ದಕ್ಕೆ ಈ ಬದಲಾವಣೆ ನಗಣ್ಯ; ಅಗಲಕ್ಕೆ ಗಣ್ಯ. ಸಾಗವಾನಿಯ ತೇವ ಶೇಕಡ 1ರಷ್ಟು ಬದಲಾದರೆ ಮರದ ಉಂಗುರಗಳಿಗೆ ಸ್ಪರ್ಶರೇಖೆಯಾಗಿ ಕೊಯ್ದ ಹಲಗೆಯ ಅಗಲ ಸುಮಾರು ಶೇಕಡ 0.18ರಷ್ಟು ಬದಲಾಗುತ್ತದೆ. ಬೇಸಿಗೆಯಲ್ಲಿ ಶೇಕಡ 10 ಇದ್ದ ತೇವ ಮಳೆಗಾಲದಲ್ಲಿ 16ಕ್ಕೆ ಏರಿದರೆ 10 ಸೆಂ.ಮೀ. ಅಗಲದ ಪಟ್ಟಿ 1 ಮಿ.ಮೀ.ನಷ್ಟು ಹಿಗ್ಗುತ್ತದೆ. 45 ಡಿಗ್ರಿ ಓರೆಗೆ ಕೊಯ್ದು ಜೋಡಿಸಿದ ಮೂಲೆ ಬಾಯಿಬಿಡಲು ಅಷ್ಟು ಸಾಕು. ದಟ್ಟ ಮಳೆಯ ಜೋಯಿಡಾದಲ್ಲೂ ಅರೆಮಲೆನಾಡಿನ ಮುಂಡಗೋಡದಲ್ಲೂ ಒಂದೇ ವರ್ಷದೊಳಗೆ ತೇವ ಹೀಗೆ ಏರಿಳಿಯುವುದರಿಂದ ಅಗಲ ಪಟ್ಟಿಗಳಿಗೆ ಓರೆ ಮೂಲೆಗಿಂತ ನೇರ ಮೂಲೆ ಮೇಲು: ನಿಲುವುಪಟ್ಟಿಗಳ ತಲೆಯ ಮೇಲೆ ಅಡ್ಡಪಟ್ಟಿ ಕೂರಿಸಿ ಎರಡೂ ಬದಿಗೆ ಸ್ವಲ್ಪ ಚಾಚುವಂತೆ ಬಿಡುವುದು. ಹಳೆಯ ಬಾಗಿಲವಾಡಗಳ ರೂಢಿಯೂ ಅದೇ.

ಹಸಿ ಮರವನ್ನು ಎಂದೂ ಬಳಸಬಾರದು. ಕೊಯ್ದ ಹಲಗೆಗಳನ್ನು ನೆರಳಲ್ಲಿ, ನಡುನಡುವೆ ರಿಪೀಸು ಎಂಬ ತೆಳು ಮರದ ಪಟ್ಟಿ ಇಟ್ಟು, ಗಾಳಿಯಾಡುವಂತೆ ಕೆಲವು ತಿಂಗಳು ಒಟ್ಟಿಡಬೇಕು. ಮರ ಹದಮಾಡುವುದಕ್ಕೆ ಭಾರತೀಯ ಮಾನಕ 1141 ಇದೆ. ಮಳೆಗಾಲದಲ್ಲಿ ಬಿಗಿಯಾಗಿ ಕೂರಿಸಿದ ಪಟ್ಟಿ ಬೇಸಿಗೆಯಲ್ಲಿ ಸಂದು ಬಿಡುತ್ತದೆ, ಕಡುಬೇಸಿಗೆಯಲ್ಲಿ ಕೂರಿಸಿದ್ದು ಮಳೆಗೆ ಉಬ್ಬಿ ಒತ್ತುತ್ತದೆ. ದೀಪಾವಳಿ ಕಳೆದ ಮೇಲಿನ ತಿಂಗಳುಗಳು ಈ ಕೆಲಸಕ್ಕೆ ಹದವಾದ ಕಾಲ.

ಅಳತೆ ಮತ್ತು ಮರದ ಲೆಕ್ಕ

ಬಡಗಿಯ ಅಳತೆ ಅಡಿ, ಇಂಚು, ನೂಲು. ಎಂಟು ನೂಲು ಸೇರಿ ಒಂದು ಇಂಚು. ಯಂತ್ರದ ಅಳತೆ ಮಿಲಿಮೀಟರಿನಲ್ಲಿ ಬರುತ್ತದೆ. ಒಂದು ಇಂಚಿಗೆ 25.4 ಮಿ.ಮೀ. ಎಂದು ಹಿಡಿದು, ಒಂದೇ ಟೇಪಿನಲ್ಲಿ ಎರಡನ್ನೂ ಅಳೆದುಕೊಂಡರೆ ತಪ್ಪಾಗದು. ಒಂಟಿ ಬಾಗಿಲಿನ ಫ್ರಿಜ್ ಸಾಮಾನ್ಯವಾಗಿ 53ರಿಂದ 55 ಸೆಂ.ಮೀ. ಅಗಲವಿರುತ್ತದೆ. ಅಗಲವನ್ನು ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆಯಬೇಕು; ಗೋಡೆಯ ಗಾರೆ ಎಲ್ಲೆಡೆ ಒಂದೇ ನೇರಕ್ಕೆ ಇರುವುದು ಅಪರೂಪ. ಬಾಗಿಲು ಪೂರ್ತಿ ತೆರೆದು ಒಳಗಿನ ತರಕಾರಿ ಟ್ರೇ ಹೊರಗೆಳೆಯಲು ಬರುತ್ತದೆಯೇ ಎಂಬುದನ್ನು ಪಟ್ಟಿ ಕೊಯ್ಯುವ ಮೊದಲೇ ನೋಡಬೇಕು. ಬಾಗಿಲು 90 ಡಿಗ್ರಿಗೆ ನಿಂತುಬಿಟ್ಟರೆ ಎಷ್ಟೋ ಮಾದರಿಗಳಲ್ಲಿ ಟ್ರೇ ಹೊರಬರುವುದಿಲ್ಲ.

ಮರದ ಲೆಕ್ಕ ಓದುಗರು ಗಮನಿಸಬೇಕಾದದ್ದು. 6 ಅಡಿಯ ಎರಡು ನಿಲುವುಪಟ್ಟಿ, 2.5 ಅಡಿಯ ಒಂದು ಅಡ್ಡಪಟ್ಟಿ ಸೇರಿ 14.5 ಅಡಿ. ಪಟ್ಟಿಯ ಅಗಲ 3 ಇಂಚು, ದಪ್ಪ ಮುಕ್ಕಾಲು ಇಂಚು ಎಂದಿಟ್ಟರೆ ಒಟ್ಟು ಮರ ಸುಮಾರು 0.23 ಘನ ಅಡಿ, ಅಂದರೆ ಕಾಲು ಘನ ಅಡಿಗೂ ಕಡಿಮೆ. ಅದೇ ಫ್ರಿಜ್ಜಿಗೆ 1 ಇಂಚು ದಪ್ಪದ ಸಾಗವಾನಿ ಹಲಗೆಯಲ್ಲೇ 2 ಅಡಿ ಆಳದ ಎರಡು ಪಕ್ಕ ಮತ್ತು ತಲೆ ಕಟ್ಟಿದರೆ ಸುಮಾರು 2.4 ಘನ ಅಡಿ ಬೇಕು, ಹತ್ತು ಪಟ್ಟು. ಕಣ್ಣಿಗೆ ಮುಖ್ಯವಾಗಿ ಕಾಣುವುದು ಎರಡರಲ್ಲೂ ಮುಂದಿನ ಅಂಚು ಮಾತ್ರ. ಬಾಗಿಲು ಕಿಟಕಿ ಮಾಡಿಸಿದಾಗ ಉಳಿದ ತುಂಡುಗಳಲ್ಲೇ ಅಂಚುಪಟ್ಟಿಯ ಕೆಲಸ ಮುಗಿಯುತ್ತದೆ.

ಕಟ್ಟುವ ಕ್ರಮ

ಯಂತ್ರವನ್ನು ಹೊರಗೆಳೆದು, ಕರೆಂಟಿನ ಪಿನ್ ಕಿತ್ತು ಕೆಲಸ ಶುರುವಾಗಬೇಕು. ಪ್ಲಗ್ ಪಾಯಿಂಟ್ ಯಂತ್ರದ ಬೆನ್ನಿಗಿಂತ ಪಕ್ಕದ ಬೀರುವಿನಲ್ಲಿ ಕೈಗೆಟಕುವಂತಿರುವುದು ಒಳ್ಳೆಯದು. ಮೊದಲು ಗೋಡೆಗೆ ಅಥವಾ ಗೂಡಿನ ಪ್ಲೈವುಡ್ಡಿಗೆ 1 ಇಂಚು ಚೌಕದ ರಿಪೀಸುಗಳನ್ನು ಸ್ಕ್ರೂ ಹಾಕಿ ಬಿಗಿಯುವುದು. ಅಲಂಕಾರದ ಪಟ್ಟಿ ಕೂರುವುದು ಇವುಗಳ ಮೇಲೆ, ಯಂತ್ರದ ಮೇಲಲ್ಲ. ತೂಕದ ಗುಂಡಿನಿಂದ ಲಂಬವನ್ನೂ ರಸಮಟ್ಟದಿಂದ ಅಡ್ಡವನ್ನೂ ನೋಡಿಕೊಳ್ಳಬೇಕು. ಗೋಡೆ ಉಬ್ಬುತಗ್ಗಾಗಿದ್ದರೆ ಪಟ್ಟಿಯನ್ನು ಗೋಡೆಗೊತ್ತಿ ಹಿಡಿದು, ಪೆನ್ಸಿಲ್ಲನ್ನು ಗೋಡೆಯುದ್ದಕ್ಕೂ ಎಳೆದು ಗೆರೆ ಹಾಕಿ, ಆ ಗೆರೆಗೆ ತೋಪಡ ಹೊಡೆದರೆ ಪಟ್ಟಿ ಗೋಡೆಗೆ ಅಂಟಿದಂತೆ ಕೂರುತ್ತದೆ. ಸಿಮೆಂಟ್ ಮೆತ್ತಿ ಸಂದು ಮುಚ್ಚುವ ಕೆಲಸಕ್ಕಿಂತ ಇದು ಎಷ್ಟೋ ಅಚ್ಚುಕಟ್ಟು.

ಪಟ್ಟಿಗೂ ಯಂತ್ರಕ್ಕೂ ನಡುವೆ ಕನಿಷ್ಠ ಎರಡು ನೂಲು ಸಂದು ಉಳಿಯಬೇಕು. ಗಾಳಿಯ ದಾರಿ ಪಟ್ಟಿಯ ಹಿಂದೆಯೇ ಇರುವ ಗೂಡಿನಲ್ಲಿ ಇನ್ನೂ ಹೆಚ್ಚು. ಸಾಗವಾನಿಗೆ ಅಂಟು ಹಾಕುವ ಮುನ್ನ ಮೈಯನ್ನು ಹೊಸದಾಗಿ ತೋಪಡ ಹೊಡೆದು ಥಿನ್ನರಿನ ಬಟ್ಟೆಯಿಂದ ಒರೆಸಬೇಕು. ಮರದ ಎಣ್ಣೆಯ ಮೇಲೆ ಅಂಟು ಹಿಡಿಯದು. ಬಿಳಿ ಅಂಟು ಬಿಸಿಗೆ ಮೆತ್ತಗಾಗುವುದರಿಂದ ಒಲೆಯ ಹತ್ತಿರದ ಕೀಲುಗಳಿಗೆ ಸ್ಕ್ರೂ ಕೂಡ ಬೇಕು. ಮುಖದ ಪಟ್ಟಿಯನ್ನು ರಿಪೀಸಿಗೆ ಅಂಟಿಸದೆ ಹಿತ್ತಾಳೆಯ ಸ್ಕ್ರೂಗಳಿಂದ ಮಾತ್ರ ಬಿಗಿಯುವುದು ಒಳ್ಳೆಯ ಬಡಗಿಯ ಲಕ್ಷಣ. ರಿಪೇರಿಯವರು ಬಂದಾಗ ನಾಲ್ಕು ಸ್ಕ್ರೂ ಬಿಚ್ಚಿದರೆ ಯಂತ್ರ ಹೊರಬರಬೇಕು.

ಫ್ರಿಜ್ಜಿನ ಆಯುಸ್ಸು ಹತ್ತು ಹದಿನೈದು ವರ್ಷ. ಮನೆಯೊಳಗಿನ ಒಣ ಸಾಗವಾನಿ ತಲೆಮಾರುಗಳವರೆಗೆ ಬಾಳುತ್ತದೆ. ಇಂದಿನ ಯಂತ್ರದ ಮೈಗೆ ಅಂಟಿದಂತೆ ಅಳತೆ ಹಿಡಿದು ಕಟ್ಟಿದ ಚೌಕಟ್ಟು ಮುಂದಿನ ಯಂತ್ರಕ್ಕೆ ಹೊಂದದೆ ಒಡೆಯಬೇಕಾಗುತ್ತದೆ. ಆದ್ದರಿಂದ ಗೂಡನ್ನು ತುಸು ದೊಡ್ಡದಾಗಿಯೇ ಕಟ್ಟಿ, ಉಳಿದ ಸಂದನ್ನು ಬಿಚ್ಚಿ ಬದಲಿಸಬಹುದಾದ ತುಂಬುಪಟ್ಟಿಯಿಂದ ಮುಚ್ಚಬೇಕು. ಯಂತ್ರ ಬದಲಾದಾಗ ಆ ಪಟ್ಟಿಯೊಂದನ್ನು ಬದಲಿಸಿದರೆ ಆಯಿತು.

ವಿನ್ಯಾಸ ಮತ್ತು ಕೆತ್ತನೆ

ಜಿಲ್ಲೆಯ ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ ಮತ್ತು ನೆರೆಯ ಸಾಗರ, ಸೊರಬಗಳ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಬಳ್ಳಿ, ಹೂ, ಪ್ರಾಣಿಗಳ ಸೂಕ್ಷ್ಮ ಕೆಲಸ ಅವರ ಕೈಯ ಆಸ್ತಿ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಮೈಸೂರಿನ ಬೀಟೆ ಮರದ ಕುಂದಣ ಕೆಲಸದಲ್ಲಿ ಬಣ್ಣಬಣ್ಣದ ಮರದ ತುಣುಕುಗಳನ್ನು ಮೈಮಟ್ಟಕ್ಕೆ ಕೂರಿಸುತ್ತಾರೆ. 1966ರಲ್ಲಿ ನೆಲೆಗೊಂಡ ಮುಂಡಗೋಡದ ಟಿಬೆಟನ್ ಕಾಲೊನಿಯ ಗಾಂದೆನ್ ಮತ್ತು ಡ್ರೆಪುಂಗ್ ಮಠಗಳಲ್ಲಿ ಇನ್ನೊಂದು ಪರಂಪರೆಯಿದೆ: ಕೆತ್ತಿದ ಮರಕ್ಕೆ ಗಾಢ ಬಣ್ಣ ತುಂಬುವುದು.

ಅಡುಗೆಮನೆಗೆ ಇವುಗಳಲ್ಲಿ ಎಲ್ಲವೂ ಒಗ್ಗದು. ಎಣ್ಣೆಯ ಹಬೆ ಆಳವಾದ ಕೆತ್ತನೆಯಲ್ಲಿ ಕೂತು ದೂಳು ಹಿಡಿದರೆ ತೆಗೆಯುವುದು ಕಷ್ಟ. ಒಲೆಗೆ ಹತ್ತಿರದ ಪಟ್ಟಿ ಸಪಾಟಾಗಿರಲಿ, ಅಂಚು ಮಾತ್ರ ಗುಂಡಾಗಿರಲಿ. ಕೆತ್ತನೆಯ ಆಸೆಯಿದ್ದವರು ಒಲೆಯಿಂದ ದೂರದ ಫ್ರಿಜ್ಜಿನ ಅಡ್ಡಪಟ್ಟಿಯಲ್ಲಿ, ಮೈಮಟ್ಟದ ಬೀಟೆ ಗೆರೆಯಾಗಿಯೋ ಗಾಳಿಗಂಡಿಯ ಜಾಲಿಯಾಗಿಯೋ ಅದನ್ನು ತೀರಿಸಿಕೊಳ್ಳಬಹುದು. ಬಾಗಿಲವಾಡದ ಅಂಚಿನ ಗೆರೆಯನ್ನೇ ಇಲ್ಲಿಯೂ ಎಳೆದರೆ ಮನೆಯ ಮರಗೆಲಸವೆಲ್ಲ ಒಂದೇ ಕೈಯದೆನಿಸುತ್ತದೆ.

ಮೆರುಗು

ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಉಜ್ಜುವ ಪಾಲಿಶ್ ಸಾಗವಾನಿಯ ಬಣ್ಣವನ್ನು ಅತ್ಯಂತ ಚೆನ್ನಾಗಿ ಎತ್ತಿ ತೋರಿಸುತ್ತದೆ. ಆದರೆ ನೀರಿಗೂ ಬಿಸಿ ಪಾತ್ರೆಗೂ ಅದು ಬಿಳಿ ಕಲೆಯಾಗುತ್ತದೆ. ಅಡುಗೆಮನೆಗೆ ಮೆಲಮೈನ್ ಅಥವಾ ಪಾಲಿಯುರಿಥೇನ್ (ಪಿ.ಯು.) ಲೇಪ ಹೆಚ್ಚು ತಡೆಯುತ್ತದೆ. ಲೇಪವನ್ನು ಪಟ್ಟಿಯ ನಾಲ್ಕೂ ಮೈಗೆ, ಹಿಂಬದಿಗೂ ಕೊಯ್ದ ತುದಿಗೂ ಹಚ್ಚಬೇಕು. ಮುಂದೆ ಮಾತ್ರ ಹಚ್ಚಿದ ಪಟ್ಟಿ ಹಿಂದಿನಿಂದ ತೇವ ಹೀರಿ ಬಾಗುತ್ತದೆ. ಕಾಯಿಸಿದ ಅಗಸೆ ಎಣ್ಣೆ ಹಚ್ಚುವವರು ಎಣ್ಣೆಯ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬಾರದು. ಅದು ತಾನೇ ಕಾವು ಏರಿ ಹೊತ್ತಿಕೊಳ್ಳಬಲ್ಲದು, ಹರಡಿ ಒಣಗಿಸಬೇಕು. ಗೇರೆಣ್ಣೆ ಮರಕ್ಕೆ ಗೆದ್ದಲು ಹತ್ತದಂತೆ ಕಾಯುವ ಹಳೆಯ ಮದ್ದು. ಚರ್ಮ ಸುಡುವ ಗುಣವಿರುವುದರಿಂದ ಕೈಗೆ ಸಿಗುವ ಅಡುಗೆಮನೆಯ ಪಟ್ಟಿಗೆ ತಕ್ಕದ್ದಲ್ಲ.

ಆಯುಧಪೂಜೆಯಂದು ಫ್ರಿಜ್ಜಿಗೂ ಮಿಕ್ಸಿಗೂ ಅರಿಸಿನ ಕುಂಕುಮ ಏರುತ್ತದೆ. ಲೇಪವಿಲ್ಲದ ಮರಕ್ಕೆ ಹತ್ತಿದ ಅರಿಸಿನ ಹೋಗುವುದಿಲ್ಲ. ಮೆರುಗು ಪೂರ್ತಿ ಒಣಗಿದ ಮೇಲೆಯೇ ಹಬ್ಬ ಬರುವಂತೆ ಕೆಲಸ ಮುಗಿಸುವುದು ಜಾಣತನ.

ನೀರು, ಹುಳು ಮತ್ತು ನಿರ್ವಹಣೆ

ನಿಲುವುಪಟ್ಟಿಯ ಬುಡ ನೆಲ ಮುಟ್ಟಬಾರದು. ನೆಲ ಒರೆಸುವ ನೀರು ತುದಿಯಿಂದ ಮೇಲೇರುತ್ತದೆ, ಗೆದ್ದಲಿಗೂ ಅದೇ ದಾರಿ. ಬುಡಕ್ಕೆ 4 ಇಂಚಿನ ಗ್ರಾನೈಟ್ ತುಂಡು ಕೊಟ್ಟು, ಅದರ ಮೇಲೆ ಮರ ನಿಲ್ಲಿಸಬೇಕು. ಯಂತ್ರದ ಹಿಂದಿನ ಬೆಚ್ಚಗಿನ ಕತ್ತಲು ಜಿರಲೆಗಳಿಗೆ ಪ್ರಿಯ. ಗಾಳಿಗಂಡಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿದರೆ ಇಲಿಯೂ ತಂತಿ ಕಡಿಯಲು ಬಾರದು. ಪಟ್ಟಿಗಳನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ಕೂಡಲೇ ಒಣಬಟ್ಟೆ ಆಡಿಸಿದರೆ ಸಾಕು. ಸೋಡಾ ಪುಡಿ, ಸ್ಟೀಲಿನ ನಾರು ಮುಟ್ಟಿಸಬಾರದು. ಮುಖಪಟ್ಟಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ, ಯಂತ್ರವನ್ನು ಎಳೆದು, ಹಿಂದಿನ ದೂಳು ತೆಗೆಯುವುದು ಮರಕ್ಕೂ ಯಂತ್ರಕ್ಕೂ ಹಿತ.

ಮರದ ಮೂಲ

ದಾಂಡೇಲಿಯ ಅರಣ್ಯ ಇಲಾಖೆಯ ಮರದ ಡಿಪೊ ಸಾಗವಾನಿ ಹರಾಜಿಗೆ ಪ್ರಸಿದ್ಧ. ಇಲಾಖೆಯ ದಿಮ್ಮಿಗಳ ಮೇಲೆ ಸುತ್ತಿಗೆಯ ಮುದ್ರೆ ಇರುತ್ತದೆ. ಕರ್ನಾಟಕ ಅರಣ್ಯ ಕಾಯ್ದೆ 1963ರದ್ದು, ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಸ್ವಂತ ಜಮೀನಿನ ಸಾಗವಾನಿ ಕಡಿಯುವುದಕ್ಕೂ ಸಾಗಿಸುವುದಕ್ಕೂ ಇಲಾಖೆಯ ಅನುಮತಿ ಬೇಕು. ಪರವಾನಗಿ ಇರುವ ಸಾಮಿಲ್ಲಿನಿಂದ ಬಿಲ್ ಸಮೇತ ಕೊಂಡ ಹಲಗೆ, ಹಳೆಯ ಮನೆ ಇಳಿಸಿದಾಗ ಸಿಕ್ಕ ತೊಲೆ, ಬಾಗಿಲು ಕೆಲಸದ ಉಳಿದ ತುಂಡು, ಈ ಮೂರು ನಿಶ್ಚಿಂತೆಯ ಮೂಲಗಳು. ಹಳೆಯ ತೊಲೆಯ ಮರ ಹದವಾಗಿ ಒಣಗಿರುವುದರಿಂದ ಪಟ್ಟಿಗೆ ಎಲ್ಲಕ್ಕಿಂತ ಉತ್ತಮ. ಕೊಯ್ಯುವ ಮುನ್ನ ಮೊಳೆಗಳನ್ನು ಹುಡುಕಿ ಕಿತ್ತುಹಾಕಬೇಕು. ದಾಂಡೇಲಿ ಅಭಯಾರಣ್ಯವೂ ಅಂಶಿ ರಾಷ್ಟ್ರೀಯ ಉದ್ಯಾನವೂ ಕೂಡಿದ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ಕಾಳಿ ಎಂಬ ಹೆಸರಾಯಿತು. ಆ ಕಾಡಿನ ಅಂಚಿನಲ್ಲಿ ಬದುಕುವವರಿಗೆ ಅಗ್ಗದ ಕಳ್ಳಮರ ಕೊಳ್ಳುವುದೆಂದರೆ ತಮ್ಮ ಮಳೆಯನ್ನೇ ಮಾರಿಕೊಳ್ಳುವುದು.

ಮೌಲ್ಯ

ಮರದ ಚೌಕಟ್ಟು ಯಂತ್ರದ ಕೆಲಸವನ್ನು ಉತ್ತಮಗೊಳಿಸದು. ಅದು ಯಂತ್ರವನ್ನು ಮನೆಗೆ ಹೊಂದಿಸುತ್ತದೆ, ಅಷ್ಟೇ ಅದರ ಹೊಣೆ. ಆ ಹೊಣೆಯನ್ನು ಕಾಲು ಘನ ಅಡಿ ಮರದಲ್ಲಿ ತೀರಿಸಬಹುದಾದಾಗ ಎರಡೂವರೆ ಘನ ಅಡಿ ಬಳಸುವುದು ಐಶ್ವರ್ಯವಲ್ಲ, ಅಪವ್ಯಯ. ಮಾಡಿಸುವವರು ಮೂರು ಮಾತನ್ನು ಬಡಗಿಗೆ ಮೊದಲೇ ಹೇಳಬೇಕು: ಯಂತ್ರಕ್ಕೆ ಗಾಳಿಯ ದಾರಿ ಬಿಡಿ, ಪಟ್ಟಿ ಬಿಚ್ಚುವಂತಿರಲಿ, ಇರುವ ಮರದ ತುಂಡುಗಳನ್ನು ಮೊದಲು ಬಳಸಿ. ಹೀಗೆ ಕಟ್ಟಿದ ಚೌಕಟ್ಟು ಮೂರು ನಾಲ್ಕು ಫ್ರಿಜ್ಜುಗಳ ಕಾಲ ಬಾಳುತ್ತದೆ, ಮತ್ತು ಅದಕ್ಕಾಗಿ ಹೊಸದಾಗಿ ಒಂದು ಮರವೂ ಉರುಳಬೇಕಾಗಿಲ್ಲ.